ಮುಖ ಬಿಟ್ಟು ಉಳಿದದ್ದೆಲ್ಲ

ಪರಿಚಯದವರ ಮನೆಗೆ ಊಟಕ್ಕೆ ಹೋದಾಗಲೆಲ್ಲ ನನ್ನ ಗಂಡ ನನ್ನ ಕೆಲಸವನ್ನು ಒಂದೇ ಮಾತಿನಲ್ಲಿ ವಿವರಿಸಿಬಿಡುತ್ತಾರೆ. "ಇವಳದ್ದು ಸುಣ್ಣಬಣ್ಣದ ಕೆಲಸ." ಎಲ್ಲರೂ ನಗುತ್ತಾರೆ. ಅಟ್ಲಾಂಟಾದ ಕನ್ನಡದವರಲ್ಲಿ ಮುಕ್ಕಾಲು ಪಾಲು ಸಾಫ್ಟ್‌ವೇರಿನವರು. ವಿಡಿಯೊಗೆ ಬಣ್ಣ ತಿದ್ದುವುದೂ ಒಂದು ಉದ್ಯೋಗ ಎಂದರೆ ಅವರಿಗೆ ನಂಬಿಕೆಯೇ ಬರುವುದಿಲ್ಲ. ಶೂಟಿಂಗ್ ಮುಗಿದು, ಎಡಿಟಿಂಗ್ ಮುಗಿದ ಮೇಲೆ ಚಿತ್ರ ನನ್ನ ಕೋಣೆಗೆ ಬರುತ್ತದೆ. ಕ್ಯಾಮೆರಾದಿಂದ ಬಂದಾಗ ಅದು ಹತ್ತಾರು ಸಲ ಒಗೆದ ಬಟ್ಟೆಯ ಹಾಗೆ ಮಾಸಲಾಗಿರುತ್ತದೆ. ಆಕಾಶ ಎಷ್ಟು ನೀಲಿ, ಗೋಡೆ ಎಷ್ಟು ಬಿಳಿ, ಮನುಷ್ಯರ ಮೈ ಯಾವ ಬಣ್ಣ ಎಂದು ತೀರ್ಮಾನಿಸುವುದು ನನ್ನ ಕೆಲಸ. ನಾನು ಹೇಳಹೊರಟಿರುವುದು ಆ ಕೊನೆಯದರ ವಿಷಯ.

ಮಾಸ್ಕ್ ಕಟ್ಟಿಕೊಂಡೇ ಸ್ಟುಡಿಯೊಗೆ ಹೋಗಬೇಕಾಗಿದ್ದ ಬೇಸಿಗೆ ಅದು. ಒಂದು ಹಿಪ್‌ಹಾಪ್ ಹಾಡಿನ ವಿಡಿಯೊ ನನ್ನ ಕೈಗೆ ಬಂತು. ಅಟ್ಲಾಂಟಾ ಹಿಪ್‌ಹಾಪ್‌ನ ಊರು, ನಮ್ಮ ಸ್ಟುಡಿಯೊಗೆ ಬರುವ ಕೆಲಸದಲ್ಲಿ ಅರ್ಧಕ್ಕರ್ಧ ಇಂಥವೇ. ನನಗೆ ಆ ಹಾಡುಗಳು ಇಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ "ಮೈ ತುಂಬ ಬಟ್ಟೆ ಹಾಕ್ಕೊಳ್ರೇ" ಎಂದು ಬುದ್ಧಿ ಹೇಳಲು ಬಂದ ಆಂಟಿ ಇವಳು ಎಂದುಕೊಂಡುಬಿಡುತ್ತೀರಿ. ಅವರು ಏನು ಉಡುತ್ತಾರೆ, ಹೇಗೆ ಕುಣಿಯುತ್ತಾರೆ ಎಂಬುದರಲ್ಲಿ ನನ್ನ ತಕರಾರಿಲ್ಲ. ಆದರೆ ಒಂದೊಂದು ಶಾಟನ್ನೂ ನಿಲ್ಲಿಸಿ, ಹಿಗ್ಗಿಸಿ, ಮೈಯ ಮೇಲೆ ಗೆರೆ ಎಳೆದು ಬಣ್ಣ ತಿದ್ದುವವಳಿಗೆ ನೋಡುಗರಿಗೆ ಕಾಣದ್ದು ಕಾಣುತ್ತದೆ. ಹಾಡುವ ಗಂಡಸಿಗೆ ಮುಖವಿರುತ್ತದೆ. ಸುತ್ತ ಇರುವ ಕಪ್ಪು ಹೆಂಗಸರಿಗೆ ಸೊಂಟವಿರುತ್ತದೆ, ತೊಡೆಯಿರುತ್ತದೆ, ಬೆನ್ನಿರುತ್ತದೆ. ಫ್ರೇಮು ಅವರ ಕುತ್ತಿಗೆಯ ಹತ್ತಿರ ಮುಗಿದುಹೋಗುತ್ತದೆ. ಮುಖ ಕಾಣುವವರಲ್ಲೂ ತಿಳಿಬಣ್ಣದ, ಉದ್ದ ಕೂದಲಿನವರು ಮುಂದೆ. ಬಣ್ಣ ಹೆಚ್ಚು ಕಪ್ಪಿರುವವರು ಹಿಂದಿನ ಸಾಲಿನಲ್ಲಿ, ದೀಪ ಬೀಳದ ಕಡೆ.

ಈ ಕೆಲಸದಲ್ಲಿ ಒಂದು ರೂಢಿಯಿದೆ. ಮೊದಲು ಹಾಡುಗಾರನ ಒಂದು ಒಳ್ಳೆಯ ಶಾಟ್ ಆರಿಸಿಕೊಳ್ಳುತ್ತೇವೆ. ಅವನ ಮುಖ, ಕೊರಳ ಸರ, ಕಾರು, ಮೂರೂ ಹೊಳೆಯುವ ಹಾಗೆ ಬಣ್ಣ ಕೂರಿಸಿ ಒಂದು ಸ್ಟಿಲ್ ತೆಗೆದಿಟ್ಟುಕೊಳ್ಳುತ್ತೇವೆ. ಅದಕ್ಕೆ ಹೀರೊ ಸ್ಟಿಲ್ ಎನ್ನುತ್ತಾರೆ. ಆಮೇಲೆ ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸುತ್ತ ಹೋಗುವುದು. ಹೆಂಗಸರ ಶಾಟ್‌ಗಳಿಗೆ ಕೈಹಾಕುವುದು ಕೊನೆಗೆ, ಹೊತ್ತು ಉಳಿದರೆ. ಅವಕ್ಕೆ ಸೂಚನೆ ಯಾವಾಗಲೂ ಒಂದೇ, "ಪಾಪ್ ಆಗಲಿ", ಅಂದರೆ ಎದ್ದು ಕಾಣಲಿ. ಏನು ಎದ್ದು ಕಾಣಬೇಕು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ.

ನಿರ್ದೇಶಕ ಅಟ್ಲಾಂಟಾದಲ್ಲೇ ಹುಟ್ಟಿ ಬೆಳೆದ ಕಪ್ಪು ಯುವಕ. ಸೌಮ್ಯ ಸ್ವಭಾವದವನು, ಕೋಣೆಗೆ ಬರುವ ಮೊದಲು ಬಾಗಿಲು ತಟ್ಟುವ ಅಪರೂಪದ ಗಿರಾಕಿ. ಮೊದಲ ದಿನ ನನ್ನ ಹಿಂದಿನ ಸೋಫಾದಲ್ಲಿ ಕೂತು ವಿಡಿಯೊ ಪೂರ್ತಿ ಹಾಕಿ ತೋರಿಸಿದ. (ಇವರೆಲ್ಲ ಮಾತಾಡಿದ್ದು ಇಂಗ್ಲಿಷಿನಲ್ಲಿ. ನಾನು ಅದನ್ನು ನನ್ನ ಕನ್ನಡಕ್ಕೆ ಹಾಕಿಕೊಂಡು ಬರೆಯುತ್ತಿದ್ದೇನೆ.) ಬಾಡಿಗೆಗೆ ಹಿಡಿದ ದೊಡ್ಡ ಬಿಳಿ ಬಂಗಲೆ, ಈಜುಕೊಳ, ಸಾಲಾಗಿ ನಿಲ್ಲಿಸಿದ ಕಾರುಗಳು, ಬಿಳಿ ಜಾಕೆಟ್ ಹಾಕಿದ ಹಾಡುಗಾರ, ಕೊಳದ ಸುತ್ತ ಕುಣಿಯುವ, ಹೆಚ್ಚಾಗಿ ತಿಳಿಬಣ್ಣದ ಹುಡುಗಿಯರು. ಎಲ್ಲ ಇದ್ದದ್ದೇ. ಆದರೆ ಹಾಡಿನ ನಡುವೆ ಒಂದು ಕಡೆ ಸದ್ದು ತಗ್ಗುತ್ತದೆ, ಕಷ್ಟಕಾಲದಲ್ಲಿ ತನ್ನ ಜೊತೆ ನಿಂತವಳ ಬಗ್ಗೆ ಹಾಡುಗಾರ ನಾಲ್ಕು ಸಾಲು ಹೇಳುತ್ತಾನೆ. ಅಲ್ಲಿ ಒಬ್ಬಳು ಅಡುಗೆಮನೆಯ ಕಿಟಕಿಯ ಪಕ್ಕ ನಿಂತಿದ್ದಳು. ಕ್ಯಾಮೆರಾ ಅವಳ ಮುಖವನ್ನೇ ನೋಡುತ್ತದೆ, ಅವಳೂ ಕ್ಯಾಮೆರಾವನ್ನೇ ನೋಡುತ್ತಾಳೆ. ಹಾಡಿನ ಸಾಲಿಗೆ ತುಟಿ ಆಡಿಸುತ್ತ ಆಡಿಸುತ್ತ ಕೊನೆಗೆ ತಡೆಯಲಾರದೆ ನಕ್ಕುಬಿಡುತ್ತಾಳೆ. ಅಚ್ಚ ಕಪ್ಪು ಹುಡುಗಿ. ನಮ್ಮಲ್ಲಿ ಎಣ್ಣೆಗಪ್ಪು ಎನ್ನುತ್ತೇವಲ್ಲ, ಆ ಬಣ್ಣ.

"ಇವಳು ಯಾರು?" ಎಂದೆ.

"ಸೌತ್ ಕೆರೊಲೈನಾದವಳು. ಡ್ಯಾನ್ಸರ್. ಎಷ್ಟೋ ವಿಡಿಯೊದಲ್ಲಿ ಮಾಡಿದ್ದಾಳೆ, ನೀವೂ ನೋಡಿರ್ತೀರಿ, ಆದ್ರೆ ಗುರುತು ಹಿಡಿಯೋಕೆ ಆಗಲ್ಲ" ಎಂದ ನಿರ್ದೇಶಕ. "ಈ ಸಲ ಮುಖ ತೋರಿಸ್ತೀನಿ ಅಂತ ಮಾತು ಕೊಟ್ಟು ಕರೆಸಿದೀನಿ. ಹಣ ಹಾಕೋ ಲೇಬಲ್‌ನವರು ಬೇರೆ ಹುಡುಗೀನ ಹೇಳಿದ್ರು. ನಾನು ಹಟ ಹಿಡಿದೆ."

ಅವನ ಹಟ ನನಗೆ ಹಿಡಿಸಿತು. ಆದರೆ ಶಾಟ್‌ಗಳನ್ನು ಬಿಚ್ಚಿ ನೋಡಿದರೆ ಅವುಗಳ ಗತಿ ನೆಟ್ಟಗಿರಲಿಲ್ಲ. ಆ ಮನೆಯ ಗೋಡೆ ಬಿಳಿ, ಹಾಡುಗಾರನ ಜಾಕೆಟ್ ಬಿಳಿ, ಛಾಯಾಗ್ರಾಹಕ ಬೆಳಕು ಅಳೆದದ್ದೆಲ್ಲ ಆ ಬಿಳಿಗೆ. ಕಿಟಕಿಯ ಪಕ್ಕದ ಮುಖ ಕತ್ತಲಲ್ಲಿ ಉಳಿದಿತ್ತು. ರೂಢಿಯ ಪ್ರಕಾರ ಹಾಡುಗಾರನ ಹೀರೊ ಸ್ಟಿಲ್ ಮಾಡಿ ಅದನ್ನು ಅವಳ ಶಾಟ್‌ಗೆ ಹಾಕಿದೆ. ಕಣ್ಣು, ಹಲ್ಲು ಬಿಟ್ಟರೆ ಏನೂ ಕಾಣಲಿಲ್ಲ. ಮುಖದ ಸುತ್ತ ಒಂದು ಗೆರೆ ಹಾಕಿ ಅದರೊಳಗೆ ಮಾತ್ರ ಬೆಳಕು ಏರಿಸಿದೆ. ಚರ್ಮ ಬೂದಿ ಬಳಿದ ಹಾಗಾಯಿತು, ಮೇಲೆ ರವೆ ಚೆಲ್ಲಿದಂತೆ ಕಾಳುಕಾಳು ಎದ್ದಿತು. ಕತ್ತಲಲ್ಲಿ ಹಿಡಿದ ಚಿತ್ರವನ್ನು ಎಳೆದು ಬೆಳ್ಳಗೆ ಮಾಡಿದರೆ ಆಗುವುದು ಹಾಗೆಯೇ. ಒಂದಿಡೀ ದಿನ ಅದರ ಜೊತೆ ಗುದ್ದಾಡಿ ತಲೆ ಕೆಟ್ಟುಹೋಯಿತು.

ಬಣ್ಣ ಅಳೆಯಲು ನಮ್ಮ ಪರದೆಯ ಮೇಲೆ ಒಂದು ದುಂಡನೆಯ ನಕ್ಷೆ ಇರುತ್ತದೆ. ಅದರಲ್ಲಿ ಓರೆಯಾಗಿ ಒಂದು ಗೆರೆ. ಮನುಷ್ಯರ ಚರ್ಮದ ಬಣ್ಣ ಬೀಳಬೇಕಾದ ಗೆರೆ ಅದು. ಬಿಳಿಯರದ್ದಾಗಲಿ, ನಮ್ಮದಾಗಲಿ, ಕಪ್ಪು ಜನರದ್ದಾಗಲಿ, ಸರಿಯಾಗಿ ಬೆಳಕು ಬಿದ್ದ ಚರ್ಮವೆಲ್ಲ ಹೆಚ್ಚುಕಡಿಮೆ ಆ ಒಂದೇ ಗೆರೆಯ ಹತ್ತಿರ ಬಂದು ಕೂರುತ್ತದೆ. ಕೆಳಗೆ ಹರಿಯುವ ರಕ್ತ ಒಂದೇ ಬಣ್ಣದ್ದು ನೋಡಿ. ವ್ಯತ್ಯಾಸವಿರುವುದು ಎಷ್ಟು ತಿಳಿ, ಎಷ್ಟು ಗಾಢ ಎನ್ನುವುದರಲ್ಲಿ ಮಾತ್ರ. ಅವಳ ಶಾಟನ್ನು ಏನೂ ಮಾಡದೆ ನೋಡಿದಾಗ ಬಣ್ಣ ಗೆರೆಯ ಮೇಲೇ ಇತ್ತು. ನಾನು ಬೆಳ್ಳಗೆ ಮಾಡಿದಷ್ಟೂ ಪಕ್ಕಕ್ಕೆ ಸರಿಯುತ್ತಿತ್ತು.

ಮರುದಿನ ಬೆಳಿಗ್ಗೆ ಕೋಣೆಗೆ ಬಂದವಳೇ ಹಿಂದಿನ ದಿನದ್ದನ್ನೆಲ್ಲ ಅಳಿಸಿಹಾಕಿದೆ. ರೂಢಿ ಹಾಳಾಗಿ ಹೋಗಲಿ ಎಂದು ಅವಳ ಮುಖವನ್ನೇ ಹೀರೊ ಸ್ಟಿಲ್ ಮಾಡಿಕೊಂಡೆ. ಗಾಢ ಬಣ್ಣದ ಚರ್ಮ ಕಾಣುವುದು ತಿಳಿಯಾಗುವುದರಿಂದಲ್ಲ, ಅದರ ಮೇಲಿನ ಹೊಳಪಿನಿಂದ. ಕೆನ್ನೆಯ ಎಲುಬು, ಮೂಗಿನ ತುದಿ, ಹಣೆ, ಕೊರಳು ಸೇರುವ ಕಡೆಯ ಗುಳಿ, ಅಲ್ಲೆಲ್ಲ ಕಿಟಕಿಯ ಬೆಳಕು ತೆಳ್ಳಗೆ ಬಿದ್ದಿತ್ತು. ಅಷ್ಟನ್ನು ಮಾತ್ರ ಎತ್ತಿ ಹಿಡಿದೆ. ಗೋಡೆಯನ್ನು ಬಿಳಿಯಿಂದ ಕೆನೆಬಣ್ಣಕ್ಕೆ ಇಳಿಸಿದೆ. ಆಮೇಲೆ ಬಂಗಲೆ, ಕೊಳ, ಕಾರು, ಹಾಡುಗಾರನ ಜಾಕೆಟ್ಟು, ಎಲ್ಲವನ್ನೂ ಅವಳಿಗೆ ಹೊಂದಿಸುತ್ತ ಬಂದೆ. ಇಡೀ ವಿಡಿಯೊ ಸಂಜೆಯ ಬಿಸಿಲಿಗೆ ತಿರುಗಿತು. ಹಾಡುಗಾರನೂ ಮೊದಲಿಗಿಂತ ಚೆನ್ನಾಗಿಯೇ ಕಂಡ. ಕೆಲಸದಲ್ಲಿ ಹಾಗೆ ಖುಷಿಯಾಗಿ ಬಹಳ ಕಾಲವಾಗಿತ್ತು ನನಗೆ.

ನಿರ್ದೇಶಕ ಬಂದು ನೋಡಿದ. ಕಿಟಕಿಯ ಶಾಟ್ ಬಂದಾಗ ಸ್ಪೇಸ್‌ಬಾರ್ ಒತ್ತಿ ನಿಲ್ಲಿಸಲು ಹೇಳಿದ.

"ನಮ್ಮ ದೊಡ್ಡಕ್ಕ ಹೀಗೇ ಇರೋದು" ಎಂದ. "ಅವಳ ಒಂದು ಫೋಟೊನೂ ಹೀಗೆ ಬಂದಿಲ್ಲ."

ಅಲ್ಲೇ ಒಪ್ಪಿಗೆ ಕೊಟ್ಟ. ನಿರ್ದೇಶಕ ಕೋಣೆಯಲ್ಲಿ ಕೂತು, ಒಳ್ಳೆಯ ಪರದೆಯಲ್ಲಿ ನೋಡಿ ಒಪ್ಪಿದರೆ ಅದು ಒಪ್ಪಿದ್ದೇ ಎಂದು ನಮ್ಮ ಕಸುಬಿನವರ ನಂಬಿಕೆ. ನಾನೂ ನಂಬಿದೆ.

ಖುಷಿಯಲ್ಲಿ ಅವನು ಒಂದು ಕೆಲಸ ಮಾಡಿದ, ಅದು ಯಾರೂ ಮಾಡುವುದಿಲ್ಲ. ಆ ಹುಡುಗಿ ಬೇರೆ ಯಾವುದೋ ಆಡಿಷನ್‌ಗೆಂದು ಕಾರು ಓಡಿಸಿಕೊಂಡು ಅಟ್ಲಾಂಟಾಕ್ಕೆ ಬಂದಿದ್ದಳು. ಅವಳನ್ನು ನೇರವಾಗಿ ನನ್ನ ಕೋಣೆಗೆ ಕರೆತಂದ. ಕುಣಿಯುವವರು ಬಣ್ಣದ ಕೋಣೆಗೆ ಬಂದದ್ದನ್ನು ನಾನು ಅದೇ ಮೊದಲು ಕಂಡದ್ದು. ಮಾಸ್ಕ್ ಮೇಲಿನ ಕಣ್ಣುಗಳನ್ನು ನೋಡಿದ್ದೇ ಗುರುತು ಹತ್ತಿತು. ವಾರವಿಡೀ ಅವೇ ಕಣ್ಣುಗಳ ಜೊತೆ ಕೂತಿದ್ದೆನಲ್ಲ.

ಶಾಟ್ ಹಾಕಿದೆ. ಅವಳು ಕೂರಲೇ ಇಲ್ಲ, ನಿಂತೇ ನೋಡಿದಳು. ಮುಗಿದ ಮೇಲೆ "ಇನ್ನೊಂದ್ಸಲ ಹಾಕ್ತೀರಾ ಮ್ಯಾಮ್?" ಎಂದಳು. ಹಾಕಿದೆ. ಮತ್ತೊಮ್ಮೆ ಎಂದಳು. ಮತ್ತೆ ಹಾಕಿದೆ. ಪರದೆಯ ಮೇಲೆ ಅವಳು ನಕ್ಕಾಗ ಇಲ್ಲಿ ಮಾಸ್ಕ್ ಕೆಳಗೆ ಎಳೆದುಕೊಂಡು ಅವಳೂ ನಕ್ಕಳು.

"ನನ್ನ ಮೂಗು ಇಷ್ಟು ಚೆನ್ನಾಗಿದೆಯಾ!" ಎಂದಳು.

ನಿರ್ದೇಶಕ ಫೋನ್ ಬಂತೆಂದು ಹೊರಗೆ ಹೋದ. ಅವಳು ಈಗ ಕೂತಳು. ನಾನು ಫ್ಲಾಸ್ಕಿನಿಂದ ಕಾಫಿ ಕೊಟ್ಟೆ. ಸೌತ್ ಕೆರೊಲೈನಾದ ಕೊಲಂಬಿಯಾ ಊರಿನಲ್ಲಿ ಮಕ್ಕಳಿಗೆ ಡ್ಯಾನ್ಸ್ ಹೇಳಿಕೊಡುತ್ತಾಳಂತೆ. ಅಮ್ಮ ಚರ್ಚಿನಲ್ಲಿ ಹಾಡುವವರು. ಮಗಳು ವಿಡಿಯೊಗಳಲ್ಲಿ ಕುಣಿಯುತ್ತಾಳೆಂದು ಅಮ್ಮನಿಗೆ ಗೊತ್ತು, ಆದರೆ ಒಂದನ್ನೂ ನೋಡಿಲ್ಲ, ಅವಳೂ ತೋರಿಸಿಲ್ಲ.

"ಏನ್ ತೋರಿಸ್ಲಿ ಮ್ಯಾಮ್? ಇಕೋ ನೋಡಮ್ಮ, ಇದು ನನ್ನ ಸೊಂಟ ಅಂತಾನಾ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು, "ನಂಗೆ ನಾಚಿಕೆ ಏನಿಲ್ಲ. ನಾನು ಚೆನ್ನಾಗಿ ಕುಣೀತೀನಿ, ಗೊತ್ತು. ಆದ್ರೆ ಇಷ್ಟು ವರ್ಷ ಮಾಡಿ ಒಂದರಲ್ಲೂ ನಾನಿಲ್ಲ. ಇದರಲ್ಲಿ ಇದೀನಿ. ಇದನ್ನ ಅಮ್ಮನ ಪಕ್ಕ ಕೂತು ನೋಡ್ತೀನಿ. ಅವರಿಗೆ ಹೇಳಿಯೂ ಆಯ್ತು."

ಹೊರಡುವಾಗ ನಂಬರ್ ಕೊಟ್ಟು ಹೋದಳು. ಸಂಜೆ ಮನೆಗೆ ಡ್ರೈವ್ ಮಾಡುವಾಗ ಆ ಹಾಡನ್ನೇ ಗುನುಗುತ್ತಿದ್ದೆನಂತೆ, ಡೇಕೇರಿನಿಂದ ಹತ್ತಿಸಿಕೊಂಡಿದ್ದ ಮಗಳು ಹಿಂದಿನ ಸೀಟಿನಿಂದ ಹೇಳಿದಳು.

ಎರಡು ದಿನ ಕಳೆದು ಲೇಬಲ್‌ನ ಮ್ಯಾನೇಜರ್ ವಿಡಿಯೊ ಕಾಲ್ ಮಾಡಿದರು. ಹಾಡಿಗೆ ಹಣ ಹಾಕುವ ಕಂಪನಿಯ ಪರವಾಗಿ ವಿಡಿಯೊಗಳನ್ನೆಲ್ಲ ನೋಡಿ ಹೌದು, ಅಲ್ಲ ಎನ್ನುವವರು ಇವರು. ಪರದೆಯ ಮೇಲೆ ಮುಖ ಬಂದಾಗ ನೋಡಿದೆ, ಅವರೂ ಕಪ್ಪು ಹೆಂಗಸೇ, ನನ್ನಷ್ಟೇ ವಯಸ್ಸು. ನನಗೆ ಧೈರ್ಯ ಬಂತು. ಆ ಧೈರ್ಯ ಒಂದು ನಿಮಿಷ ಉಳಿಯಲಿಲ್ಲ.

"ಕಿಟಕಿ ಹತ್ರ ಇರೋ ಹುಡುಗಿ ಕಾಣಿಸ್ತಾನೇ ಇಲ್ಲ" ಎಂದರು.

"ಕಾಣ್ತಾಳಲ್ಲ ಮೇಡಂ. ನೀವು ಯಾವುದರಲ್ಲಿ ನೋಡಿದ್ರಿ?"

"ಕಾರಲ್ಲಿ, ಫೋನಲ್ಲಿ. ಎಲ್ಲರೂ ನೋಡೋದು ಹಂಗೇ. ನಿಮ್ಮ ಕತ್ತಲೆ ಕೋಣೆಗೆ ಬಂದು ಯಾರೂ ನೋಡಲ್ಲ. ಅವಳ ಮುಖದ ಬೆಳಕು ಏರಿಸಿ. ಕೊಳದ ಹತ್ರದ ಹುಡುಗೀರ ಥರ ಆಗಲಿ."

"ಅವಳ ಬಣ್ಣ ಅದಲ್ಲ."

ಅವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ನಿಧಾನವಾಗಿ, ಒಂದಿಷ್ಟೂ ಸಿಟ್ಟಿಲ್ಲದೆ ಕೇಳಿದರು, "ಕಪ್ಪು ಹೆಂಗಸಿನ ಬಣ್ಣ ಯಾವುದು ಅಂತ ನಂಗೆ ಹೇಳಿಕೊಡ್ತಾ ಇದೀರಾ?"

"ಇಲ್ಲ ಮೇಡಂ" ಎಂದೆ.

"ನೋಡಿ, ಈ ಕೆಲಸಕ್ಕೆ ಬಂದ ಹೊಸತರಲ್ಲಿ ನಾನೂ ಹೀಗೇ ಜಗಳ ಆಡ್ತಿದ್ದೆ. ಜಗಳ ಆಡಿ ಗೆದ್ದ ವಿಡಿಯೊಗಳನ್ನ ಜನ ನೋಡಲಿಲ್ಲ. ಆ ಹುಡುಗೀರಿಗೂ ಮುಂದೆ ಕೆಲಸ ಸಿಗಲಿಲ್ಲ, ಹಾಡಿದವರಿಗೂ ಸಿಗಲಿಲ್ಲ. ನಾನು ಮಾತ್ರ ಉಳಿದೆ. ಯಾಕೆ ಅಂದ್ರೆ ಜಗಳ ನಿಲ್ಲಿಸಿದೆ."

ಅವರ ಮೇಲೆ ಕೋಪ ಮಾಡಿಕೊಳ್ಳಲು ನನಗೆ ಆಗಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇಟ್ಟುಕೊಂಡು ತಿರುಗುವವಳು ನಾನು, ಅಂಥವಳಿಗೂ ಆಗಲಿಲ್ಲ. ಅವರ ದನಿ ಅಷ್ಟು ದಣಿದಿತ್ತು.

ಆ ವಾರ ಪೂರ್ತಿ ಮಧ್ಯದ ದಾರಿ ಹುಡುಕಿದೆ. ಸ್ವಲ್ಪ ಏರಿಸಿ ಕಳಿಸಿದೆ. ಸಾಲದು ಎಂದರು. ಮುಖ ಬಿಟ್ಟು ಹಿನ್ನೆಲೆಯನ್ನು ಇನ್ನೂ ಇಳಿಸಿದೆ, ಮುಖ ತಾನಾಗಿ ಎದ್ದು ಬರಲಿ ಎಂದು. ಮನೆ ಮಂಕಾಯಿತು ಎಂದರು. ಫೋನಿಗೆಂದೇ ಬೇರೆ ಒಂದು ಪ್ರತಿ ಮಾಡಿಕೊಟ್ಟೆ, ಎರಡೆರಡು ಪ್ರತಿ ಬೇಡ ಎಂದರು. ಕೊನೆಗೆ, ಹೀಗಾಗುತ್ತದೆ ನೋಡಿ ಎಂದು ತೋರಿಸುವುದಕ್ಕಾಗಿ, ಅವರು ಕೇಳಿದಷ್ಟೂ ಏರಿಸಿದ ಒಂದು ಪ್ರತಿ ಕಳಿಸಿದೆ. ಮುಖ ಬೂದಿಗಟ್ಟಿದೆ, ಕಾಳುಕಾಳಾಗಿದೆ, ಇದನ್ನು ನೋಡಿಯಾದರೂ ಅರ್ಥವಾಗುತ್ತದೆ ಎಂದುಕೊಂಡಿದ್ದೆ. ಕಾಳು ಅಳಿಸುವ ಫಿಲ್ಟರ್ ಹಾಕಿದರೆ ಸಾಕು, ಇದೇ ಇರಲಿ ಎಂದು ಉತ್ತರ ಬಂತು. ಅವರು ಹೇಳಿದ ಫಿಲ್ಟರ್ ಹಾಕಿ ನೋಡಿದೆ. ಕಾಳಿನ ಜೊತೆಗೆ ಕೆನ್ನೆಯ ಗುಳಿಯೂ ಹೋಯಿತು. ಪರದೆಯ ಮೇಲಿದ್ದದ್ದು ಪ್ಲಾಸ್ಟಿಕ್ಕಿನ ಮುಖ.

ಆ ಭಾನುವಾರ ಅಟ್ಲಾಂಟಾದ ಹೊರವಲಯದ ಜಾನ್ಸ್ ಕ್ರೀಕ್‌ನಲ್ಲಿ ಸ್ನೇಹಿತರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಆಂಟಿಯೊಬ್ಬರು ನನ್ನ ಮಗಳ ಗಲ್ಲ ಹಿಡಿದು, "ಲಕ್ಷಣವಾಗಿದೆ ಮಗು. ಬಣ್ಣ ಮಾತ್ರ ಅಮ್ಮಂದು ಬಂದ್ಬಿಟ್ಟಿದೆ, ಪಾಪ" ಎಂದರು. ಹುಟ್ಟಿದಾಗಿನಿಂದ ಕೇಳಿದ ಮಾತು. ನನಗೆ ಕಡಲೆಹಿಟ್ಟು, ಕೆನೆ, ಅರಿಸಿನ ಹಚ್ಚಿ ಹಚ್ಚಿ ನಮ್ಮ ಅಜ್ಜಿಯ ಕೈ ಬೆಳ್ಳಗಾಯಿತೇ ಹೊರತು ನನ್ನ ಮುಖ ಆಗಲಿಲ್ಲ. ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ.

"ಪಾಪ ಅನ್ನೋಕೆ ಏನಾಗಿದೆ ಆಂಟಿ, ಬಣ್ಣಕ್ಕೇನು ಜ್ವರ ಬಂದಿದೆಯಾ?" ಎಂದುಬಿಟ್ಟೆ.

ಆಂಟಿ ಕಣ್ಣು ಕಣ್ಣು ಬಿಟ್ಟರು. ನನ್ನ ಗಂಡ ಪ್ರಸಾದದ ತಟ್ಟೆ ಹಿಡಿದುಕೊಂಡು ನಡುವೆ ಬಂದು ನಿಂತರು. ಕಾರಿಗೆ ಬಂದು ಕೂತ ಮೇಲೆ ಕೇಳಿದರು, "ಏನಾಗಿದೆ ನಿಂಗೆ? ಒಂದ್ ವಾರದಿಂದ ನೋಡ್ತಿದೀನಿ, ಮಾತಾಡಿಸಿದ್ರೆ ಮೈಮೇಲೆ ಬರ್ತೀಯಲ್ಲ."

ಎಲ್ಲ ಹೇಳಿದೆ. ಹೆದ್ದಾರಿ ಸೇರಿದ ಮೇಲೆ ಅವರು ತಮ್ಮ ತೀರ್ಪು ಹೇಳಿದರು.

"ಸುಮ್ನೆ ಕೇಳಿದ್ದನ್ನ ಮಾಡ್ಕೊಡೇ. ನೀನ್ ಮಾಡ್ದೇ ಇದ್ರೆ ಇನ್ನೊಬ್ರು ಮಾಡ್ತಾರೆ."

"ಮಾಡ್ಲಿ ಬಿಡ್ರಿ. ಆದ್ರೆ ನಾನ್ ಮಾಡಲ್ಲ."

"ಅದರಿಂದ ಆ ಹುಡುಗಿಗೆ ಏನ್ ಉಪಯೋಗ?"

ಹಿಂದಿನ ಸೀಟಿನಿಂದ ಮಗಳು, "ಅಮ್ಮಾ, ಅವ್ಳು ಪ್ರೆಟಿ ಇದಾಳಾ?" ಎಂದು ಕೇಳಿದಳು. ತುಂಬಾ ಎಂದೆ.

ಸೋಮವಾರ ಹೋಗಿ ತೀರ್ಮಾನ ಮಾಡಿದೆ. ನಮ್ಮಲ್ಲಿ ಎಡಿಟರ್, ನನ್ನ ಹಾಗೆ ಬಣ್ಣ ತಿದ್ದುವ ಕಲರಿಸ್ಟ್, ಗ್ರಾಫಿಕ್ಸಿನವರು ಒಬ್ಬರಿಗೊಬ್ಬರು ಎದುರು ಕೂತು ಮಾತಾಡುವುದು ಕಡಿಮೆ. ಹೇಳುವುದೇನಿದ್ದರೂ ಮಾರ್ಕರ್‌ನಲ್ಲಿ. ಕಂಪ್ಯೂಟರಿನಲ್ಲಿ ಶಾಟ್‌ಗಳು ಸಾಲಾಗಿ ಜೋಡಿಸಿರುತ್ತವೆ. ಬೇಕಾದ ಶಾಟ್‌ನ ನೆತ್ತಿಗೆ ಒಂದು ಬಣ್ಣದ ಬೊಟ್ಟು ಇಟ್ಟು, ಅದರೊಳಗೆ ಒಂದು ಸಾಲು ಬರೆದರೆ ಆಯಿತು. ವಿಡಿಯೊ ಯಾರ ಕೈಗೆ ಹೋದರೂ ಬೊಟ್ಟು ಜೊತೆಗೇ ಹೋಗುತ್ತದೆ. ಅವಳ ಮುಖವಿರುವ ಪ್ರತಿಯೊಂದು ಶಾಟ್‌ನ ಮೇಲೂ ಕೆಂಪು ಬೊಟ್ಟು ಇಟ್ಟೆ. ಒಳಗೆ ಬರೆದೆ: "ಈ ಮುಖದ ಬಣ್ಣ ಮುಟ್ಟಬೇಡಿ. ನಿರ್ದೇಶಕರು ಒಪ್ಪಿದ್ದಾರೆ. ಇದನ್ನು ತಿಳಿ ಮಾಡಲು ಕಲರಿಸ್ಟ್‌ಗೆ ಒಪ್ಪಿಗೆಯಿಲ್ಲ." ಕಿಟಕಿಯ ಶಾಟ್‌ಗಳಲ್ಲದೆ ಬೇರೆ ಎರಡು ಮೂರು ಕಡೆ ಅವಳು ತಿರುಗಿ ನೋಡುವ ಚೂರುಗಳಿದ್ದವು, ಅವನ್ನೂ ಹುಡುಕಿ ಹುಡುಕಿ ಬೊಟ್ಟಿಟ್ಟೆ. ಒಂದನ್ನೂ ಬಿಡಲಿಲ್ಲ. ನನ್ನನ್ನು ತೆಗೆದು ಬೇರೆಯವರಿಗೆ ಕೊಟ್ಟರೂ ಅವರ ಕಣ್ಣಿಗೆ ಇದು ಬೀಳಲೇಬೇಕು ಎಂದು ನನ್ನ ಲೆಕ್ಕ. ಹಾಗೆಯೇ ಕಳಿಸಿದೆ.

ಸ್ಟುಡಿಯೊ ನನ್ನನ್ನು ತೆಗೆಯಲಿಲ್ಲ. ಯಾರೂ ಬೈಯಲೂ ಇಲ್ಲ. ಎರಡು ದಿನ ಸದ್ದಿಲ್ಲ. ನಾನು ಗೆದ್ದೆ ಎಂದೇ ಅಂದುಕೊಂಡೆ. ಮೂರನೆಯ ದಿನ ಎಡಿಟರ್ ಕಡೆಯಿಂದ ಶಾಟ್‌ಗಳನ್ನು ಬೇರೆ ರೀತಿ ಜೋಡಿಸಿದ ಹೊಸ ಕಟ್ ಬಂತು, ಜೊತೆಗೆ ಒಂದು ಸಾಲು: ಸಮಸ್ಯೆಯಿದ್ದ ಶಾಟ್‌ಗಳನ್ನು ಬದಲಾಯಿಸಿದೆ, ಬಣ್ಣ ಮುಗಿಸಿ ಕೊಡಿ.

ತೆರೆದು ನೋಡಿದೆ. ಕೆಂಪು ಬೊಟ್ಟುಗಳು ಒಂದೂ ಇರಲಿಲ್ಲ. ಬೊಟ್ಟಿದ್ದ ಶಾಟ್‌ಗಳೂ ಇರಲಿಲ್ಲ. ಕಿಟಕಿಯ ಬದಲು ಕೊಳ ಬಂದಿತ್ತು. ಕಷ್ಟಕಾಲದಲ್ಲಿ ಜೊತೆ ನಿಂತವಳ ಬಗ್ಗೆ ಹಾಡುಗಾರ ಹಾಡುವಾಗ ಪರದೆಯ ಮೇಲೆ ಒಂದು ಸೊಂಟ, ನಿಧಾನಗತಿಯಲ್ಲಿ ನಡೆದು ಹೋಗುವ ಕಾಲು, ನೀರಿನಿಂದ ಏಳುವ ಬೆನ್ನು. ಮೈಯೆಲ್ಲ ಅವಳದ್ದೇ. ಶೂಟಿಂಗಿನ ದಿನ ಬೇರೆ ಬೇರೆ ಕೋನದಿಂದ ತೆಗೆದಿಟ್ಟಿದ್ದವು, ಮೊದಲ ಕಟ್‌ನಲ್ಲಿ ನಿರ್ದೇಶಕ ಬಳಸದೆ ಬಿಟ್ಟಿದ್ದವು. ಅವಳ ಮುಖ ಎಲ್ಲೆಲ್ಲಿದೆ ಎಂದು ಹುಡುಕುವ ಕಷ್ಟ ಎಡಿಟರ್‌ಗೆ ಇರಲಿಲ್ಲ. ಹುಡುಕಿ ಗುರುತು ಹಾಕಿ ಕೊಟ್ಟವಳು ನಾನೇ. ಒಂದು ಕಣ್ಣಿನಷ್ಟೂ ಉಳಿಯದ ಹಾಗೆ ನೀಟಾಗಿ ಕೊಟ್ಟಿದ್ದೆ.

ನಿರ್ದೇಶಕನಿಗೆ ಫೋನ್ ಮಾಡಿದೆ. "ಗೊತ್ತು" ಎಂದ. "ಅವಳನ್ನ ಬೆಳ್ಳಗೆ ಮಾಡೋದು, ಇಲ್ಲ ತೆಗೆಯೋದು, ಎರಡರಲ್ಲಿ ಒಂದು ಆರಿಸ್ಕೋ ಅಂದ್ರು. ಬೆಳ್ಳಗೆ ಮಾಡೋದಕ್ಕಿಂತ ಇದು ವಾಸಿ ಅನ್ನಿಸ್ತು."

"ವಾಸಿಯಾ?"

"ಗೊತ್ತಿಲ್ಲ" ಎಂದ. ಅವನ ಹಿಂದೆ ಮತ್ತೊಂದು ಶೂಟಿಂಗಿನ ಗದ್ದಲ ಕೇಳುತ್ತಿತ್ತು. "ನಿಮ್ಮನ್ನ ದೂರಲ್ಲ. ಮುಂದಿನದ್ದೂ ಅವರದ್ದೇ ಹಾಡು, ಅಲ್ಲಿ ಏನಾದ್ರೂ ಮಾಡೋಣ."

"ಅವಳಿಗೆ ಹೇಳಿದ್ರಾ?"

"ಹೇಳ್ತೀನಿ."

ಹೊಸ ಕಟ್‌ಗೆ ಬಣ್ಣ ಮುಗಿಸಿಕೊಟ್ಟೆ. ಬಿಟ್ಟೆದ್ದು ಬರಬೇಕಿತ್ತೇ? ಆ ಬೆಳಿಗ್ಗೆ ಎದ್ದು ಕಾರಿಡಾರಿನವರೆಗೂ ಹೋಗಿದ್ದೆ. ಹೋಗಿ, ಕಾಫಿ ಮೆಶಿನ್ ಪಕ್ಕ ನಿಂತು, ವಾಪಸ್ ಬಂದು ಕೂತೆ. ಕೆಲಸ ಸಲೀಸಾಗಿತ್ತು. ಸೊಂಟಕ್ಕೆ, ತೊಡೆಗೆ ಬಿಸಿಲು ಚೆನ್ನಾಗಿಯೇ ಬಿದ್ದಿತ್ತು, ಕತ್ತಲಿರಲಿಲ್ಲ, ಕಾಳಿರಲಿಲ್ಲ. ಮುಖಕ್ಕೆಂದು ಮಾಡಿದ ಹೀರೊ ಸ್ಟಿಲ್ ಪಕ್ಕದಲ್ಲಿ ಇಟ್ಟುಕೊಂಡೇ ಎಲ್ಲವನ್ನೂ ಅದಕ್ಕೆ ಹೊಂದಿಸಿದೆ. ಬಣ್ಣ ಗೆರೆಯ ಮೇಲೆ ಬಂದು ಕೂತಿತು. ಈ ಸಲ ಲೇಬಲ್‌ನವರು ಒಂದೇ ಒಂದು ತಿದ್ದುಪಡಿಯನ್ನೂ ಕೇಳಲಿಲ್ಲ. ಚರ್ಮ ಬಹಳ ಸುಂದರವಾಗಿ ಬಂದಿದೆ ಎಂದು ಮ್ಯಾನೇಜರ್ ಮೆಚ್ಚಿ ಬರೆದರು. ಅವರು ಮನಸಾರೆ ಬರೆದರು ಎಂದೇ ನನಗನಿಸುತ್ತದೆ.

ವಿಡಿಯೊ ಹೊರಗೆ ಬರುವವರೆಗೆ ಅದರ ಬಗ್ಗೆ ಯಾರಿಗೂ ಏನೂ ಹೇಳುವಂತಿಲ್ಲ ಎಂದು ನಮ್ಮಿಂದ ಸಹಿ ಹಾಕಿಸಿಕೊಂಡಿರುತ್ತಾರೆ. ಆದರೂ ಮಧ್ಯೆ ಒಮ್ಮೆ ಅವಳಿಗೆ ಕರೆ ಮಾಡಿದೆ. ಎತ್ತಲಿಲ್ಲ, ಕ್ಲಾಸಿನಲ್ಲಿದ್ದಳೋ ಏನೋ. ಮೆಸೇಜ್ ಟೈಪ್ ಮಾಡಿ ಅಳಿಸಿದೆ. ನಿರ್ದೇಶಕ ಹೇಳುತ್ತೇನೆ ಎಂದಿದ್ದಾನಲ್ಲ, ಹೇಳಿರುತ್ತಾನೆ ಎಂದು ಸಮಾಧಾನ ಮಾಡಿಕೊಂಡೆ.

ಹಾಡು ಬಿಡುಗಡೆಯಾದ ಮರುದಿನ ಅವಳೇ ಫೋನ್ ಮಾಡಿದಳು. ಮಧ್ಯಾಹ್ನ, ನಾನು ಸ್ಟುಡಿಯೊ ಹೊರಗೆ ಕಾರಿನಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದೆ. ನಿರ್ದೇಶಕ ಹೇಳಿರಲಿಲ್ಲ ಎಂದು ಅವಳ ಮೊದಲ ಮಾತಿನಲ್ಲೇ ಗೊತ್ತಾಯಿತು.

"ಮ್ಯಾಮ್, ಬೇರೆ ಪ್ರತಿ ಏನಾದ್ರೂ ಇದೆಯಾ? ಇನ್ನೊಂದು ಬರುತ್ತಾ?"

ಇಲ್ಲ ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಬೊಟ್ಟುಗಳ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಅಲ್ಲಲ್ಲಿ "ಓಕೆ" ಎನ್ನುತ್ತಿದ್ದಳು, ಡಾಕ್ಟರ ಮಾತು ಕೇಳುವವರ ಹಾಗೆ. ಆ ಶಾಟ್‌ಗಳನ್ನು ತನಗೆ ಕಳಿಸಲಾಗುತ್ತದೆಯೇ ಎಂದು ಕೇಳಿದಳು. ಅವು ಲೇಬಲ್‌ನ ಸೊತ್ತು, ಡಿಸ್ಕುಗಳು ಆಗಲೇ ಅವರಿಗೆ ವಾಪಸ್ ಹೋಗಿದ್ದವು. ಅದನ್ನೂ ಹೇಳಿದೆ.

"ನನ್ನಿಂದ ಹೀಗಾಯ್ತು" ಎಂದೆ.

"ಇಲ್ಲ ಮ್ಯಾಮ್. ನೀವಲ್ದೇ ಇದ್ರೆ ಬೂದಿ ಬಳಿದ ಮುಖ ಹೋಗ್ತಿತ್ತು, ಅಷ್ಟೇ" ಎಂದಳು. ನನ್ನನ್ನು ಸಮಾಧಾನ ಮಾಡುವುದೂ ಅವಳ ಪಾಲಿಗೇ ಬಂತಲ್ಲ ಎಂದು ನನಗೆ ಅಳು ಬಂತು.

"ಅಮ್ಮ ನೋಡಿದ್ರಾ?"

"ನೋಡಿದ್ರು. ಚರ್ಚಿನ ಗೆಳತಿಯರನ್ನೂ ಕರೆದಿದ್ರು. ಟಿವಿಗೆ ಕನೆಕ್ಟ್ ಮಾಡಿ, ಎಲ್ಲರೂ ಸಾಲಾಗಿ ಕೂತಿದ್ರು. ಪೂರ್ತಿ ನೋಡಿದ್ರು. ಮುಗಿದ ಮೇಲೆ ಅಮ್ಮ ನನ್ನ ಕಡೆ ತಿರುಗಿ ಕೇಳಿದ್ರು, ನೀನು ಬರೋದು ಯಾವಾಗ ಮಗಾ, ಅಂತ."

ಮೊಸರನ್ನದ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟೆ.

"ಇದು ಬೇರೆ ವಿಡಿಯೊ ಅಮ್ಮ, ಇದರಲ್ಲಿ ನಾನಿಲ್ಲ ಅಂದೆ" ಎಂದಳು. "ಸುಳ್ಳೇನಲ್ವಲ್ಲ, ಮ್ಯಾಮ್?"